ಡಿಸೆಂಬರ್ ಪೆನ್ಷನ್ ನಿಲ್ಲಬಾರದು ಅಂದ್ರೆ: 21ರ ಭಾನುವಾರ ಸಮುದಾಯ ಭವನದಲ್ಲಿ ಲೈಫ್ ಸರ್ಟಿಫಿಕೇಟ್

ಸಂಘದ ಕಾರ್ಯದರ್ಶಿ, ಡಿ. 15, ಸೋಮವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಹಿರಿಯರಷ್ಟೇ ಇರುವ ಮನೆಗಳು ಎಷ್ಟು ಅಂತ ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ. ನವೆಂಬರ್ ಮುಗಿದು ಎರಡು ವಾರ ಆದರೂ ಲೈಫ್ ಸರ್ಟಿಫಿಕೇಟ್ (ಪೆನ್ಷನ್‌ದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಪ್ರಮಾಣಪತ್ರ) ಕೊಡದವರು ಪ್ರತಿ ಕ್ರಾಸ್‌ನಲ್ಲೂ ಇದ್ದಾರೆ. ಬ್ಯಾಂಕ್ ಇರೋದು ಮೊದಲ ಮಹಡಿ, ಲಿಫ್ಟ್ ಇಲ್ಲ. ಆನ್‌ಲೈನ್ ಸೆಂಟರ್‌ಗೆ ಹೋದರೆ ಬೆರಳಚ್ಚು ತಗೊಳ್ತಿಲ್ಲ, ನಾಳೆ ಬನ್ನಿ ಅಂತಾರೆ. 21ರ ಭಾನುವಾರ ಸಮುದಾಯ ಭವನದಲ್ಲಿ ಎಲ್ಲರದ್ದೂ ಒಟ್ಟಿಗೆ ಮಾಡಿಸೋಣ ಅಂತಿದ್ದೇವೆ. ಗೊತ್ತಿರುವವರು ಏನು ಬೇಕು, ಎಲ್ಲಿ ತಪ್ಪುತ್ತೆ ಅಂತ ಇಲ್ಲೇ ಬರೀರಿ. ಫೋನಲ್ಲಿ ಒಬ್ಬೊಬ್ಬರಿಗೆ ಹೇಳೋದು ಬೇಡ.

3ನೇ ಕ್ರಾಸ್, ನಿವೃತ್ತ ಬ್ಯಾಂಕ್ ಅಧಿಕಾರಿ

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. "ನವೆಂಬರ್ ತಿಂಗಳ ಪೆನ್ಷನ್ ಬಂತಲ್ಲ, ಹಂಗಾದ್ರೆ ಎಲ್ಲ ಸರಿ ಐತಿ" ಅಂತ ಸುಮ್ಮನಿದ್ದಾರೆ. ಕೇಂದ್ರ ಸರ್ಕಾರದ ಪೆನ್ಷನ್‌ದಾರರು ನವೆಂಬರ್ 30ರೊಳಗೆ ಕೊಡಬೇಕು. ಕೊಡದಿದ್ದರೆ ನಿಲ್ಲೋದು ಡಿಸೆಂಬರ್ ತಿಂಗಳದ್ದು, ಅಂದ್ರೆ ಈ ತಿಂಗಳ ಕೊನೆಗೆ ಖಾತೆಗೆ ಬೀಳಬೇಕಾದ ದುಡ್ಡು. ಅದು ಬರಲಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಹೊಸ ವರ್ಷ. ನಿಂತ ದುಡ್ಡು ಮುಳುಗಿ ಹೋಗಲ್ಲ, ಸರ್ಟಿಫಿಕೇಟ್ ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತೆ. ಆದರೆ ತಿಂಗಳ ಮಾತ್ರೆ, ಹಾಲು, ಕರೆಂಟ್ ಬಿಲ್ ಅಲ್ಲಿವರೆಗೆ ಕಾಯಲ್ಲವಲ್ಲ.

ಇನ್ನು ದಿನದ ಲೆಕ್ಕ. 21ಕ್ಕೆ ಮಾಡಿಸಿದರೆ 22, 23, 24 ಬ್ಯಾಂಕ್ ಇರುತ್ತೆ. 25 ಕ್ರಿಸ್‌ಮಸ್ ರಜೆ. 26 ಒಂದು ದಿನ. 27 ನಾಲ್ಕನೇ ಶನಿವಾರ, 28 ಭಾನುವಾರ. ಏನಾದರೂ ತಿರಸ್ಕಾರ ಆದರೆ ಸರಿಮಾಡಿಸಲು ನಿಜವಾಗಿ ಕೈಗೆ ಸಿಗೋದು ಆ ನಾಲ್ಕು ದಿನ. ಬ್ಯಾಂಕಿನವರು ಪೆನ್ಷನ್ ಪಟ್ಟಿಯನ್ನು ತಿಂಗಳ ಕೊನೆ ದಿನ ಕೂತು ಮಾಡಲ್ಲ, ಅದಕ್ಕೂ ಮುಂಚೆಯೇ ಮಾಡಿರ್ತಾರೆ. ಆದ್ದರಿಂದ ಭಾನುವಾರದವರೆಗೆ ಕಾಯದೆ ಮನೆಯಲ್ಲೇ ಮಾಡಿಕೊಳ್ಳಬಲ್ಲವರು ಇವತ್ತೇ ಮಾಡಿಕೊಂಡರೆ ಒಳ್ಳೇದು.

1ನೇ ಕ್ರಾಸ್, ಮೇಲಿನ ಮನೆ

ಸರ್, ನಮ್ಮ ಸಾಲಿನ ಅಜ್ಜಾರು ಹತ್ತಿ ಗಿರಣಿಯಿಂದ ರಿಟೈರ್ ಆದವರು. ಅವರೂ ನವೆಂಬರ್‌ನಲ್ಲೇ ಕೊಡಬೇಕಿತ್ತಾ?

3ನೇ ಕ್ರಾಸ್, ನಿವೃತ್ತ ಬ್ಯಾಂಕ್ ಅಧಿಕಾರಿ

ಇಲ್ಲ. ಅವರದ್ದು ಪಿ.ಎಫ್. ಕಚೇರಿಯ ಪೆನ್ಷನ್, ಇಪಿಎಸ್ 95. ಅದಕ್ಕೆ ನವೆಂಬರ್ ಕಟ್ಟುಪಾಡಿಲ್ಲ. ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತೆ. ಗಿರಣಿಯವರು, ಹರಿಹರದ ಕಿರ್ಲೋಸ್ಕರ್, ಪಾಲಿಫೈಬರ್ಸ್‌ನವರು, ಕೆಎಸ್‌ಆರ್‌ಟಿಸಿಯವರು ಎಲ್ಲ ಇದೇ ಲೆಕ್ಕ. ಇವರ ತೊಂದರೆಯೇ ಬೇರೆ: ಹೋದ ಸಲ ಯಾವ ತಿಂಗಳು ಕೊಟ್ಟಿದ್ದರು ಅಂತ ನೆನಪಿರಲ್ಲ. ಮಾರ್ಚ್‌ನಲ್ಲಿ ಕೊಟ್ಟಿದ್ದರೆ ಮಾರ್ಚ್‌ಗೆ ಮುಗೀತು. ಅವರೂ 21ಕ್ಕೆ ಬರಲಿ, ಹೊಸದು ಮಾಡಿಸಿ ತಾರೀಖನ್ನು ಹೊಸ ಕ್ಯಾಲೆಂಡರ್‌ನಲ್ಲಿ ದೊಡ್ಡದಾಗಿ ಬರೆದಿಡಿ. ಇಪಿಎಸ್‌ನ ಕನಿಷ್ಠ ಪೆನ್ಷನ್ ತಿಂಗಳಿಗೆ 1,000 ರೂಪಾಯಿ. ಅಷ್ಟಕ್ಕೇ ನಂಬಿಕೊಂಡವರಿಗೆ ಒಂದು ತಿಂಗಳು ತಪ್ಪಿದರೂ ಗೊತ್ತಾಗುತ್ತೆ.

5ನೇ ಕ್ರಾಸ್, ಮೂಲೆ ಮನೆ (ಆನ್‌ಲೈನ್ ಸೇವಾ ಕೇಂದ್ರ)

ಬೆರಳಚ್ಚು ಯಾಕೆ ತಗೊಳ್ಳಲ್ಲ ಅಂತ ನಮ್ಮನ್ನ ಬೈತಾರೆ, ಸ್ವಲ್ಪ ಕೇಳ್ರಿ. ವಯಸ್ಸಾದಂತೆ ಬೆರಳಿನ ಗೆರೆ ಸವೀತವೆ. ನೂಲು ಹಿಡಿದವರದ್ದು, ಪಾತ್ರೆ ತೊಳೆದವರದ್ದು ಇನ್ನೂ ಜಾಸ್ತಿ. ಅದರ ಮೇಲೆ ಈ ಚಳಿಗಾಲದ ಒಣ ಗಾಳಿ: ಚರ್ಮ ಬಿರಿದರೆ ಸ್ಕ್ಯಾನರ್‌ಗೆ ಗೆರೆ ತುಂಡು ತುಂಡಾಗಿ ಕಾಣುತ್ತೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಇಲ್ಲಾ ವ್ಯಾಸಲೀನ್ ಹಚ್ಚಿ ಮಲಗಿ. ಬರುವ ಮುಂಚೆ ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಎಣ್ಣೆ ಕೈಯಲ್ಲೇ ಬಂದರೆ ಗಾಜಿನ ಮೇಲೆ ಜಿಡ್ಡು ಕೂತು ಹಿಂದಿನವರಿಗೂ ತೊಂದರೆ. ಹೆಬ್ಬೆರಳೇ ಆಗಬೇಕು ಅಂತೇನಿಲ್ಲ, ಹತ್ತರಲ್ಲಿ ಯಾವ ಬೆರಳು ಚೆನ್ನಾಗಿ ಬರುತ್ತೋ ಅದು. ಆದರೂ ಆಗದಿದ್ದರೆ ಒತ್ತಿ ಒತ್ತಿ ಕೈ ನೋಯಿಸೋದು ಬೇಡ, ಮುಖ ತೋರಿಸುವ ದಾರಿ ಇದೆ. ನನ್ನ ಅಭಿಪ್ರಾಯ ಕೇಳಿದರೆ 21ಕ್ಕೆ ಬೆರಳಿನ ಯಂತ್ರವೇ ಬೇಡ, ಎಲ್ಲರದ್ದೂ ಮುಖದಿಂದಲೇ ಮಾಡೋಣ.

2ನೇ ಕ್ರಾಸ್, ಇಂಜಿನಿಯರಿಂಗ್ ವಿದ್ಯಾರ್ಥಿನಿ

ಅಂಕಲ್ ಹೇಳಿದ್ದು ಸರಿ. ನಾವು ನಾಲ್ಕು ಜನ ಬರ್ತೀವಿ, ಆಂಡ್ರಾಯ್ಡ್ ಫೋನ್ ಸಾಕು, ಕ್ಯಾಮೆರಾ 5 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ಮನೆಯಲ್ಲೇ ಮಾಡುವವರಿಗೆ ಕ್ರಮ ಬರೀತೀನಿ.

ಪ್ಲೇ ಸ್ಟೋರ್‌ನಿಂದ ಎರಡು ಆ್ಯಪ್ ಹಾಕಿಕೊಳ್ಳಬೇಕು: "ಆಧಾರ್ ಫೇಸ್ ಆರ್‌ಡಿ" ಮತ್ತು "ಜೀವನ್ ಪ್ರಮಾಣ್" (ಲೈಫ್ ಸರ್ಟಿಫಿಕೇಟ್ ಮಾಡುವ ಸರ್ಕಾರಿ ಆ್ಯಪ್). ಮೊದಲನೆಯದು ಹಾಕಿದ ಮೇಲೆ ಪರದೆಯಲ್ಲಿ ಐಕಾನ್ ಕಾಣಲ್ಲ, ಒಳಗೇ ಕೆಲಸ ಮಾಡುತ್ತೆ. ಇನ್‌ಸ್ಟಾಲ್ ಆಗಿಲ್ಲ ಅಂತ ಮತ್ತೆ ಮತ್ತೆ ಹಾಕಬೇಡಿ, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ನೋಡಿ. ಎರಡನೆಯದರಲ್ಲಿ ಮೊದಲು "ಆಪರೇಟರ್" ದೃಢೀಕರಣ ಕೇಳುತ್ತೆ. ಆಪರೇಟರ್ ಅಂದ್ರೆ ಫೋನ್ ಹಿಡಿದವರು: ಮಗ, ಸೊಸೆ, ಪಕ್ಕದ ಮನೆಯವರು ಯಾರಾದರೂ. ಅವರ ಆಧಾರ್, ಒಟಿಪಿ, ಮುಖ ಆದ ಮೇಲೆ ಅದೇ ಫೋನಿಂದ ಎಷ್ಟು ಹಿರಿಯರದ್ದಾದರೂ ಮಾಡಬಹುದು. ಇಲ್ಲಿ ಅಜ್ಜಿಯ ಮುಖ ತೋರಿಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಆಮೇಲೆ ಹಿರಿಯರ ಆಧಾರ್ ಸಂಖ್ಯೆ, ಮೊಬೈಲ್, ಒಟಿಪಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು, ಇನಿಶಿಯಲ್ ಹಿಂದೆ ಮುಂದೆ ಆಗಬಾರದು. ಪೆನ್ಷನ್ ಯಾವ ಬಗೆ, ಮಂಜೂರು ಮಾಡಿದವರು ಯಾರು, ದುಡ್ಡು ಕೊಡುವವರು ಯಾರು, ಪಿಪಿಒ (ಪೆನ್ಷನ್ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ. ಕೊನೆಗೆ ಮುಖ. ಮುಗಿದ ಮೇಲೆ ಪ್ರಮಾಣ್ ಐಡಿ, ಅಂದ್ರೆ ಸರ್ಟಿಫಿಕೇಟಿನ ಸಂಖ್ಯೆ, ಮೆಸೇಜ್ ಬರುತ್ತೆ.

ಮುಖದ ಹಂತದಲ್ಲಿ ಬೆಳಕೇ ಮುಖ್ಯ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತೆ, ಕಿಟಕಿ ಎದುರಿಗೆ ಕೂರಿಸಿ. ಮಂಕಿ ಕ್ಯಾಪ್, ಮಫ್ಲರ್ ತೆಗೀಬೇಕು (ಈ ಚಳೀಲಿ ಬೈಸಿಕೊಳ್ಳೋಕೆ ರೆಡಿ ಇರಿ). ಕನ್ನಡಕದ ಗಾಜು ಹೊಳೆದರೆ ಅದನ್ನೂ ತೆಗೀರಿ. ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತೆ, ನಿಧಾನಕ್ಕೆ ಪೂರ್ತಿ ಮುಚ್ಚಿ ತೆರೆಯಬೇಕು. ಕಿವಿ ಮಂದ ಇರುವವರಿಗೆ ದೂರದಿಂದ ಕೂಗಿದರೆ ತಿರುಗಿ ನೋಡ್ತಾರೆ, ಮುಖ ಚೌಕಟ್ಟು ತಪ್ಪುತ್ತೆ. ಪಕ್ಕದಲ್ಲಿ ನಿಂತು ಭುಜ ಮುಟ್ಟಿ ಹೇಳಿ.

4ನೇ ಕ್ರಾಸ್

ಬಯೋಮೆಟ್ರಿಕ್ ಲಾಕ್ ವಿಷಯ ಬಿಟ್ಟುಹೋಯ್ತು. ಮಕ್ಕಳು ಊರಿಗೆ ಬಂದಾಗ ವಂಚನೆ ಭಯಕ್ಕೆ ಅಪ್ಪ ಅಮ್ಮನ ಆಧಾರ್ ಲಾಕ್ ಮಾಡಿ ಹೋಗಿರ್ತಾರೆ. ಹಾಗಿದ್ದರೆ ಬೆರಳೂ ನಡೆಯಲ್ಲ, ಮುಖವೂ ನಡೆಯಲ್ಲ. ಮೊದಲೇ ಫೋನ್ ಮಾಡಿ ಕೇಳಿ ತೆಗೆಸಿಡಿ. ಆಧಾರ್ ಫೋಟೊ ತುಂಬಾ ಹಳೆಯದಾಗಿ ಹೊಂದಿಕೆ ಆಗದಿದ್ದರೆ ಹೆಡ್ ಪೋಸ್ಟ್ ಆಫೀಸ್ ಅಥವಾ ಆಧಾರ್ ಕೇಂದ್ರದಲ್ಲಿ ಅಪ್‌ಡೇಟ್ ಮಾಡಿಸಬೇಕು. ಅದು ಅವತ್ತೇ ಆಗಲ್ಲ, ಅಂಥವರನ್ನ ನೇರ ಬ್ಯಾಂಕ್ ದಾರಿಗೆ ಕಳಿಸೋಣ. ಆಧಾರ್ ಸಹಾಯವಾಣಿ 1947.

3ನೇ ಕ್ರಾಸ್, ನಿವೃತ್ತ ಬ್ಯಾಂಕ್ ಅಧಿಕಾರಿ

ಮೆಸೇಜ್ ಬಂತು ಅಂತ ಮನೆಗೆ ಹೋಗಿ ಮಲಗುವವರಿಗೆ ಹೇಳ್ತೀನಿ. ಆ ಮೆಸೇಜ್ ಸರ್ಟಿಫಿಕೇಟ್ ತಯಾರಾಯಿತು ಅನ್ನೋದಷ್ಟೇ. ಅದನ್ನ ಒಪ್ಪೋದು, ಬಿಡೋದು ಪೆನ್ಷನ್ ಕೊಡುವ ಬ್ಯಾಂಕ್ ಅಥವಾ ಕಚೇರಿ. ಎರಡು ಮೂರು ದಿನ ಬಿಟ್ಟು ಸ್ಥಿತಿ ನೋಡಲೇಬೇಕು. ತಿರಸ್ಕಾರ ಆಗೋದು ಸಾಮಾನ್ಯವಾಗಿ ಇಂಥವಕ್ಕೆ: ಪಿಪಿಒ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪು, ಪೆನ್ಷನ್ ಬರುವ ಖಾತೆ ಬಿಟ್ಟು ಬೇರೆ ಎಸ್‌ಬಿ ಖಾತೆಯ ಸಂಖ್ಯೆ, ಪೆನ್ಷನ್ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ, ರಾಜ್ಯ ಸರ್ಕಾರದ ಪೆನ್ಷನ್‌ಗೆ ಕೇಂದ್ರ ಅಂತ ಆರಿಸಿರೋದು. ಬ್ಯಾಂಕ್ ವಿಲೀನವೂ ಒಂದು ಕಾರಣ. ಸಿಂಡಿಕೇಟ್ ಬ್ಯಾಂಕ್ ಕೆನರಾ ಆಗಿದ್ದು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಆಗಿದ್ದು 2020ರಲ್ಲಿ. ಹಿರಿಯರ ಕೈಲಿ ಇರುವ ಪಾಸ್‌ಬುಕ್ ಇನ್ನೂ ಹಳೇದು. ಈಗಿನ ಬ್ಯಾಂಕಿನ ಹೆಸರನ್ನೇ ಆರಿಸಬೇಕು.

ತಮ್ಮ ಸ್ವಂತ ಪೆನ್ಷನ್ ಜೊತೆ ಯಜಮಾನರ ಫ್ಯಾಮಿಲಿ ಪೆನ್ಷನ್ ಕೂಡ ಬರುವ ಅಮ್ಮಂದಿರು ಎರಡು ಸರ್ಟಿಫಿಕೇಟ್ ಮಾಡಿಸಬೇಕು. ಪಿಪಿಒ ಎರಡು, ಸರ್ಟಿಫಿಕೇಟೂ ಎರಡು. ಒಂದು ಮಾಡಿಸಿ ಎರಡೂ ಆಯ್ತು ಅಂದುಕೊಂಡರೆ ಒಂದು ನಿಲ್ಲುತ್ತೆ.

ಇನ್ನೊಂದು, ಆ್ಯಪ್‌ನಲ್ಲಿ "ಮರುಮದುವೆ ಆಗಿದ್ದೀರಾ", "ಮತ್ತೆ ಉದ್ಯೋಗಕ್ಕೆ ಸೇರಿದ್ದೀರಾ" ಅಂತ ಕೇಳುತ್ತೆ. ಮಕ್ಕಳೇ, ಅವಸರದಲ್ಲಿ ಹೌದು ಒತ್ತಬೇಡ್ರಪ್ಪ. ಎಂಬತ್ತು ವರ್ಷದ ಅಜ್ಜಿಗೆ ಮದುವೆ ಮಾಡಿಸಿಬಿಟ್ಟರೆ ಬಿಡಿಸೋದು ಕಷ್ಟ.

6ನೇ ಕ್ರಾಸ್

ಹಾಸಿಗೆ ಹಿಡಿದವರಿಗೆ ಏನು ದಾರಿ?

2ನೇ ಕ್ರಾಸ್, ಇಂಜಿನಿಯರಿಂಗ್ ವಿದ್ಯಾರ್ಥಿನಿ

ಮಧ್ಯಾಹ್ನ 3ರ ಮೇಲೆ ನಾವೇ ಮನೆಗೆ ಬರ್ತೀವಿ ಆಂಟಿ. ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ ಒರಗಿಸಿರಿ, ಪೂರ್ತಿ ಮಲಗಿದ್ದರೆ ಮೇಲಿನಿಂದ ಫೋನ್ ಹಿಡಿದಾಗ ಅದರದ್ದೇ ನೆರಳು ಮುಖದ ಮೇಲೆ ಬೀಳುತ್ತೆ. ತಲೆ ಹಿಂದೆ ಹೂವಿನ ಚಿತ್ತಾರದ ಬೆಡ್‌ಶೀಟ್ ಬದಲು ಬಿಳಿ ಪಂಚೆ ಹಾಕಿ. ಚಾರ್ಜಿಂಗ್ ಲೈಟ್ ನಾವು ತರ್ತೀವಿ.

3ನೇ ಕ್ರಾಸ್, ನಿವೃತ್ತ ಬ್ಯಾಂಕ್ ಅಧಿಕಾರಿ

ಪಾರ್ಶ್ವವಾಯು ಆದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಕಣ್ಣು ಮಿಟುಕಿಸೋದು ಆಗದಿರಬಹುದು. ಮೂರು ಸಲ ನೋಡಿ, ಆಗದಿದ್ದರೆ ಬಿಡಿ. 70 ದಾಟಿದವರಿಗೆ ಮನೆ ಬಾಗಿಲಿಗೇ ಬಂದು ಸೇವೆ ಕೊಡಬೇಕು, ಅದರಲ್ಲಿ ಲೈಫ್ ಸರ್ಟಿಫಿಕೇಟೂ ಸೇರಿದೆ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಬಾಯಲ್ಲಿ ಕೇಳಿದರೆ "ಸಿಬ್ಬಂದಿ ಇಲ್ಲ" ಅಂತಾರೆ. ಮ್ಯಾನೇಜರ್ ಹೆಸರಿಗೆ ಅರ್ಧ ಪುಟದ ಅರ್ಜಿ ಬರೆದು, ಖಾತೆ ಸಂಖ್ಯೆ, ವಯಸ್ಸು, ವೈದ್ಯರ ಚೀಟಿ ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕಾಗದದ ಸರ್ಟಿಫಿಕೇಟ್ ಕೊಡುವವರು ಪೆನ್ಷನ್ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೊಡಬಹುದು, ಮೆಟ್ಟಿಲು ಇಲ್ಲದ ಶಾಖೆ ಹುಡುಕಿಕೊಳ್ಳಿ. ಸಹಿ ಮಾಡಿದ ಸ್ವೀಕೃತಿ ಕೊಡೋದು ಬ್ಯಾಂಕಿನ ಕರ್ತವ್ಯ. ಅದಿಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

1ನೇ ಕ್ರಾಸ್, ಮೇಲಿನ ಮನೆ

ಮನೆಗೆಲಸಕ್ಕೆ ಬರುವ ಅಮ್ಮ ಸಂಧ್ಯಾ ಸುರಕ್ಷಾ ದುಡ್ಡು ಬಂದಿಲ್ಲ ಅಂತಿದ್ದಾರೆ. ಅವರನ್ನೂ ಕರೀಬಹುದಾ?

5ನೇ ಕ್ರಾಸ್, ಮೂಲೆ ಮನೆ (ಆನ್‌ಲೈನ್ ಸೇವಾ ಕೇಂದ್ರ)

ಕರೀರಿ, ಆದರೆ ಅದಕ್ಕೂ ಜೀವನ್ ಪ್ರಮಾಣ್‌ಗೂ ಸಂಬಂಧ ಇಲ್ಲ. ಆ ದುಡ್ಡು ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಬೇರೆ ಕಡೆ ಹೊಸ ಖಾತೆ ತೆಗೆದು ಆಧಾರ್ ಕೊಟ್ಟಿದ್ದರೆ ದುಡ್ಡು ಅಲ್ಲಿ ಬಿದ್ದಿರುತ್ತೆ, ಇವರು ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸ್ತಾ ಇರ್ತಾರೆ. "ಡಿಬಿಟಿ ಕರ್ನಾಟಕ" ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ ಹೋಗಿದೆ ಅಂತ ಕಾಣುತ್ತೆ, ನಾನು ನೋಡಿಕೊಡ್ತೀನಿ. ಮಂಜೂರಾತಿಯೇ ನಿಂತಿದ್ದರೆ ನಾಡಕಚೇರಿಗೆ ಹೋಗಬೇಕು.

4ನೇ ಕ್ರಾಸ್

ಆಧಾರ್ ನಂಬರ್‌ಗಳು ನಾಲ್ಕು ಫೋನಿಗೆ ಹೋಗ್ತವೆ, ಅದಕ್ಕೆ ಒಂದು ನಿಯಮ ಇರಲಿ. ಟೋಕನ್ ಚೀಟಿ ಮೇಲೆ ಹೆಸರು, ಕ್ರಾಸ್, ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ. ಯಾರೂ ಕಾರ್ಡಿನ ಫೋಟೊ ತೆಗೆಯೋದು ಬೇಡ, ಈ ಗುಂಪಿಗಂತೂ ಹಾಕಲೇಬಾರದು. ಎಟಿಎಂ ಪಿನ್, ಕಾರ್ಡ್ ನಂಬರ್ ಈ ಕೆಲಸಕ್ಕೆ ಬೇಕಾಗೇ ಇಲ್ಲ. "ನಿಮ್ಮ ಪೆನ್ಷನ್ ನಿಂತಿದೆ, ಈ ಫೈಲ್ ಒತ್ತಿ" ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಬಂದರೆ ಮುಟ್ಟಬೇಡಿ, ಒತ್ತಿದರೆ ಒಟಿಪಿ ಎಲ್ಲ ಅವರ ಕೈಗೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಕ್ಕಳು ಬರಲಿ ಕೇಳೋಣ ಅಂತ ಸಂಜೆವರೆಗೆ ಕಾಯಬೇಡಿ.

ಸಂಘದ ಕಾರ್ಯದರ್ಶಿ, ಡಿ. 16, ಮಂಗಳವಾರ

ಇಷ್ಟು ಮಾಹಿತಿ ಸಾಕು, ಈಗ ಏರ್ಪಾಟು. ಸಮಯ ಬೆಳಿಗ್ಗೆ 10:30ರಿಂದ 3. ಅದಕ್ಕಿಂತ ಬೇಗ ಬೇಡ, ಚಳಿಗೆ ಹಿರಿಯರು ಹೊರಡಲ್ಲ, ಭವನದೊಳಗೆ ಬೆಳಕೂ ಬರಲ್ಲ. 1 ಮತ್ತು 2ನೇ ಕ್ರಾಸ್‌ನವರು ಮೊದಲು, ಉಳಿದವರು ಗಂಟೆಗೊಂದು ಸಾಲು, ಎಲ್ಲರೂ ಒಟ್ಟಿಗೆ ಬಂದು ಕಾಯೋದು ಬೇಡ. ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಮಾತ್ರೆ ತಗೊಂಡೇ ಬರಬೇಕು. ಚಹಾ ಎರಡು ಫ್ಲಾಸ್ಕ್, ಒಂದು ಸಕ್ಕರೆ ಇಲ್ಲದ್ದು. ಮಂಡಕ್ಕಿ ಮಿರ್ಚಿ ಕೇಳಿದವರಿಗೆ: ಎಣ್ಣೆ ಕೈ ಅಂದ್ರೆ ಫೋನ್ ಹಿಡಿದ ಹುಡುಗರು ಓಡಿಹೋಗ್ತಾರೆ, ಕೆಲಸ ಮುಗಿದ ಮೇಲೆ ನೋಡೋಣ.

ತರಬೇಕಾದ್ದು ಆಧಾರ್, ಪಿಪಿಒ ಪುಸ್ತಕ ಅಥವಾ ಪ್ರತಿ, ಪೆನ್ಷನ್ ಬರುವ ಖಾತೆಯ ಪಾಸ್‌ಬುಕ್, ಒಟಿಪಿ ಬರುವ ಫೋನ್, ಅದೂ ಚಾರ್ಜ್ ಇರುವ ಫೋನ್. ಮಗನ ನಂಬರ್ ಕೊಟ್ಟಿದ್ದರೆ ಅವತ್ತು 10:30ರ ಮೇಲೆ ಫೋನ್ ಕೈಯಲ್ಲಿ ಹಿಡಿದುಕೊಂಡಿರಲು ಅವನಿಗೆ ಹೇಳಿಡಿ.

6ನೇ ಕ್ರಾಸ್

ಭವನದ ಮುಂದೆ ಎರಡು ಮೆಟ್ಟಿಲಿದೆ, ಹಿಡಿಕೆ ಇಲ್ಲ. ಪಕ್ಕದ ಅಡಿಗೆಮನೆ ಬಾಗಿಲಿಗೆ ಇಳಿಜಾರು ಇದೆ, ಗಾಲಿಕುರ್ಚಿ ಅಲ್ಲಿಂದ ಒಳಗೆ ಬರುತ್ತೆ, ಆ ಬಾಗಿಲು ತೆಗೆಸಿಡಿ. ಪ್ಲಾಸ್ಟಿಕ್ ಕುರ್ಚಿ ಕೈ ಇರುವಂಥದ್ದೇ ಹಾಕಿ, ಇಲ್ಲದಿದ್ದರೆ ಮಂಡಿ ನೋವಿನವರಿಗೆ ಏಳೋಕಾಗಲ್ಲ. ಎಕ್ಸ್‌ಟೆನ್ಷನ್ ವೈರ್ ನಡೆಯುವ ದಾರಿಯಲ್ಲಿ ಬೇಡ, ಗೋಡೆ ಬದಿಗೆ ಟೇಪ್ ಹಾಕಿ ಅಂಟಿಸಿ.

2ನೇ ಕ್ರಾಸ್, ಇಂಜಿನಿಯರಿಂಗ್ ವಿದ್ಯಾರ್ಥಿನಿ

ಭವನದ ಒಳಗೆ ನೆಟ್‌ವರ್ಕ್ ಒಂದೇ ಕಂಪನಿಯದ್ದು ಸರಿಯಾಗಿ ಸಿಗುತ್ತೆ, ಉಳಿದವರ ಒಟಿಪಿ ತಡ ಆಗುತ್ತೆ. ಟೇಬಲ್‌ಗಳನ್ನ ಬಾಗಿಲ ಹತ್ತಿರ, ಉತ್ತರದ ಕಿಟಕಿಗೆ ಎದುರಾಗಿ ಹಾಕ್ತೀವಿ. ಎರಡು ಬೇರೆ ಬೇರೆ ಸಿಮ್‌ನ ಹಾಟ್‌ಸ್ಪಾಟ್ ಇರುತ್ತೆ. ಮುಗಿದವರ ಪ್ರಮಾಣ್ ಐಡಿ ಅವರದ್ದೇ ಚೀಟಿ ಮೇಲೆ ಬರೆದುಕೊಡ್ತೀವಿ. 24ರ ಸಂಜೆ ನಾವು ಪ್ರತಿ ಕ್ರಾಸ್‌ಗೆ ಒಬ್ಬರಂತೆ ಬಂದು ಸ್ಥಿತಿ ನೋಡ್ತೀವಿ, ಆಗ ಆ ಚೀಟಿ ತೋರಿಸಬೇಕು.

3ನೇ ಕ್ರಾಸ್, ನಿವೃತ್ತ ಬ್ಯಾಂಕ್ ಅಧಿಕಾರಿ

ಒಳ್ಳೇದು. ತಿರಸ್ಕಾರ ಆದವರ ಪಟ್ಟಿ ನನಗೆ ಕೊಡಿ, 26ಕ್ಕೆ ಬ್ಯಾಂಕಿಗೆ ನಾನು ಜೊತೆಗೆ ಹೋಗ್ತೀನಿ. ಆದಾಯ ತೆರಿಗೆ ರಿಟರ್ನ್ ಈ ವರ್ಷ ಹಾಕದೇ ಬಿಟ್ಟವರೂ ಕಾಗದ ತನ್ನಿ, ದಂಡ ಕಟ್ಟಿ ಹಾಕಲು ಡಿಸೆಂಬರ್ 31 ಕೊನೆ ದಿನ.

ಸಂಘದ ಕಾರ್ಯದರ್ಶಿ

ಆಟೊ ಬೇಕಾದವರು, ಮನೆಗೇ ಬರಬೇಕಾದವರು ಶುಕ್ರವಾರ ರಾತ್ರಿಯೊಳಗೆ ಕ್ರಾಸ್ ನಂಬರ್ ಸಮೇತ ಇಲ್ಲಿ ಹಾಕಿ. ಗುಂಪಿನಲ್ಲಿ ಇಲ್ಲದ ಮನೆಗಳಿಗೆ ಹಾಲು ಹಾಕುವ ಹುಡುಗನ ಕೈಲಿ ಚೀಟಿ ಕಳಿಸ್ತಿದ್ದೇವೆ. ಅವತ್ತು ಬೆಸ್ಕಾಂ ದುರಸ್ತಿ ಇದೆಯಾ ಅಂತ 1912ಕ್ಕೆ ಕೇಳಿ ಶನಿವಾರ ತಿಳಿಸ್ತೀನಿ.