ಹಾಕಿ ಹುಡುಗಿಯರ ಡಯಟ್ ಚೀಟಿ, ವೀಗನ್ ಊಟ: ಹಾಸ್ಟೆಲ್‌ನಲ್ಲಿ ಏನು ಮಾಡಬೇಕು?

ಪಿ.ಟಿ. ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ನಮಸ್ಕಾರ. 15ರಿಂದ 18 ವರ್ಷದ ಹುಡುಗಿಯರ ಹಾಕಿ ತಂಡ, ಹಾಸ್ಟೆಲ್ ಊಟ, ದಿನಾ ಒಂದೂವರೆ ಗಂಟೆ ಅಭ್ಯಾಸ. ಬೇಸಿಗೆಯ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಹತ್ತಿರ ಬರುತ್ತಿದ್ದ ಹಾಗೆ ಒಂದು ಡಯಟ್ ಚೀಟಿ ಮಕ್ಕಳ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಲ್ಲಿ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹತ್ತು ಗಂಟೆಗೆ ಒಂದು ಸೇಬು, ಮಧ್ಯಾಹ್ನ ಒಂದೇ ಅಕ್ಕಿರೊಟ್ಟಿ ಜೊತೆಗೆ ಸೌತೆಕಾಯಿ, ಸಂಜೆ ಸಕ್ಕರೆ ಹಾಕದ ಕರಿಕಾಫಿ, ರಾತ್ರಿ ತರಕಾರಿ ಸೂಪ್. "ಎರಡೇ ತಿಂಗಳಲ್ಲಿ ಹತ್ತು ಕೆ.ಜಿ." ಅಂತ ತಲೆಬರಹ. ಸಾಲದ್ದಕ್ಕೆ, ಹೊರಗಿನಿಂದ ಬರುವ ತರಬೇತುದಾರರೊಬ್ಬರು ವಾರಕ್ಕೊಮ್ಮೆ ಎಲ್ಲರೆದುರು ತೂಕ ನೋಡಿ, ಹೆಚ್ಚಿದ್ದವರಿಗೆ "ನೀನು ಗೋಲ್‌ಕೀಪರ್ ಅಲ್ಲ, ಗೋಲ್‌ಪೋಸ್ಟ್" ಅನ್ನುತ್ತಾರೆ.

ತಂಡದಲ್ಲಿ ಒಬ್ಬಳು, 17 ವರ್ಷ, ಸುಮಾರು 50 ಕೆ.ಜಿ., ಈಗ ವೀಗನ್ ಆಗಿದ್ದಾಳೆ. ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಬೇಡ ಅನ್ನುತ್ತಾಳೆ. ಮನೆಯವರು "ಪಂದಿಕರಿ (ಹಂದಿಮಾಂಸ) ಬಿಟ್ಟವಳು ಏನು ಹಾಕಿ ಆಡ್ತಾಳೆ" ಅಂತ ಹಟ ಹಿಡಿದಿದ್ದಾರೆ. ಆ ಚೀಟಿಯಿಂದ ಎಷ್ಟು ಅಪಾಯ? ವೀಗನ್ ಊಟ ಮಾಡಿಕೊಂಡು ಆಡಲು ಆಗುತ್ತದಾ? ಹಾಸ್ಟೆಲ್ ಅಡುಗೆಯಲ್ಲಿ ಏನು ಬದಲಾಯಿಸಬೇಕು? ದಯವಿಟ್ಟು ಅಳತೆ ಸಮೇತ ಹೇಳಿ.

ಆಹಾರತಜ್ಞೆ, ವಿರಾಜಪೇಟೆ:

ಟೀಚರ್, ಮೊದಲು ಚೀಟಿಯ ಲೆಕ್ಕ ನೋಡೋಣ. ಸೇಬು, ರೊಟ್ಟಿ, ಸೌತೆ, ಸೂಪ್ ಎಲ್ಲ ಸೇರಿದರೂ 400 ಕ್ಯಾಲೊರಿಯ ಆಸುಪಾಸು. 16ರಿಂದ 18ರ ಹುಡುಗಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಪಟ್ಟಿ ಹೇಳುವುದು ದಿನಕ್ಕೆ ಸುಮಾರು 2,500.

ಆಟಗಾರ್ತಿಯರಿಗೆ ಇನ್ನೊಂದು ಲೆಕ್ಕವಿದೆ. ತಿಂದ ಕ್ಯಾಲೊರಿಯಲ್ಲಿ ಅಭ್ಯಾಸಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬು ಬಿಟ್ಟ ಮೈತೂಕದಿಂದ ಭಾಗಿಸಬೇಕು. ಕೆ.ಜಿ.ಗೆ 45ರಷ್ಟು ಉಳಿದರೆ ಚೆನ್ನ, 30ಕ್ಕಿಂತ ಇಳಿದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತದೆ. 50 ಕೆ.ಜಿ. ಹುಡುಗಿಯಲ್ಲಿ ಕೊಬ್ಬು ಬಿಟ್ಟು ಸುಮಾರು 38 ಕೆ.ಜಿ. ಅಂದುಕೊಳ್ಳಿ. 38ನ್ನು 45ರಿಂದ ಗುಣಿಸಿದರೆ 1,710. ಅಭ್ಯಾಸದ 450 ಸೇರಿಸಿದರೆ 2,160. ಬೆಳೆಯುವ ವಯಸ್ಸಿಗೆ ಅದರ ಮೇಲೂ ಸ್ವಲ್ಪ ಬೇಕು. ಚೀಟಿಯ 400ರಲ್ಲಿ ಅಭ್ಯಾಸದ 450 ಕಳೆದರೆ ಸೊನ್ನೆಗಿಂತ ಕೆಳಗೆ! ಹೃದಯ, ಮೂಳೆ, ಮುಟ್ಟು ಯಾವುದಕ್ಕೂ ಏನೂ ಉಳಿಯಲಿಲ್ಲ.

ಆಮೇಲೆ ಆಗುವುದು ಇದು. ಮೊದಲ ವಾರ ಎರಡು ಕೆ.ಜಿ. ಇಳಿದಂತೆ ಕಾಣುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಸ್ನಾಯುಗಳು ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ನಂತರ ಸ್ನಾಯು ಕರಗುತ್ತದೆ, ಓಟ ನಿಧಾನವಾಗುತ್ತದೆ, ಮುಟ್ಟು ತಪ್ಪುತ್ತದೆ, ಈಸ್ಟ್ರೊಜನ್ ಇಳಿದು ಮೂಳೆ ಸವೆಯುತ್ತದೆ. ಹುಡುಗಿಯರ ಮೂಳೆಯ ಗಟ್ಟಿತನ ಬಹುಪಾಲು 18ರೊಳಗೇ ಕೂಡುವುದರಿಂದ ಈ ವಯಸ್ಸಿನ ನಷ್ಟ ಪೂರ್ತಿ ತುಂಬುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ "ರೆಡ್-ಎಸ್" (ಆಟಕ್ಕೆ ತಕ್ಕಷ್ಟು ಶಕ್ತಿ ಸಿಗದ ಸ್ಥಿತಿ) ಎಂದು ಹೆಸರಿಟ್ಟಿತು, 2023ರಲ್ಲಿ ವಿವರಗಳನ್ನು ಪರಿಷ್ಕರಿಸಿತು. ಹುಡುಗರಿಗೂ ಇದು ಬರುತ್ತದೆ, ಅವರನ್ನೂ ನೋಡಿಕೊಳ್ಳಿ.

ಕಾಚಂಪುಳಿ ವಿಷಯಕ್ಕೆ ಬರುತ್ತೇನೆ. ಅದನ್ನು ಮಾಡುವ ನಮ್ಮ ಪಣಪುಳಿ ಹಣ್ಣೂ "ಗಾರ್ಸಿನಿಯಾ" ಮಾತ್ರೆಯ ಹಣ್ಣೂ ಒಂದೇ. ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ದಿನಕ್ಕೆ 1,500 ಮಿ.ಗ್ರಾಂ.ನಂತೆ 12 ವಾರ ಕೊಟ್ಟು 1998ರಲ್ಲಿ 135 ಜನರ ಮೇಲೆ ಪರೀಕ್ಷೆ ನಡೆಯಿತು. ಔಷಧಿ ಇಲ್ಲದ ಸುಳ್ಳು ಮಾತ್ರೆ ನುಂಗಿದವರಿಗಿಂತ ಅದನ್ನು ನುಂಗಿದವರ ತೂಕವೇನೂ ಹೆಚ್ಚು ಇಳಿಯಲಿಲ್ಲ. ಆ ಮಾತ್ರೆಗಳಿಂದ ಲಿವರ್ ಕೆಟ್ಟ ವರದಿಗಳೂ ಇವೆ. ಕಾಚಂಪುಳಿ ಪಂದಿಕರಿಗೆ, ಮೀನಿಗೆ, ಅಣಬೆಗೆ ಚಂದ. ಖಾಲಿ ಹೊಟ್ಟೆಗೆ ದಿನಾ ಕುಡಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ, ಹೊಟ್ಟೆ ಉರಿಯುತ್ತದೆ, ಅಷ್ಟೇ.

ಹಾಕಿ ಕೋಚ್, ಗೋಣಿಕೊಪ್ಪ:

ಮೇಡಂ, ಲೆಕ್ಕ ಒಪ್ಪಿದೆ, ಚೀಟಿ ಹರಿದು ಹಾಕಿ. ಆದರೆ ತೂಕವನ್ನೇ ನೋಡದೆ ಬಿಟ್ಟರೆ ಹೇಗೆ? 15 ನಿಮಿಷದ ನಾಲ್ಕು ಕ್ವಾರ್ಟರ್ ಬಗ್ಗಿಕೊಂಡು ಓಡುವ ಆಟ ಇದು. ಮೈಭಾರ ಇದ್ದರೆ ಮಂಡಿಗೆ, ಸೊಂಟಕ್ಕೆ ಪೆಟ್ಟು. ಸ್ವಲ್ಪ ಗಟ್ಟಿಯಾಗಿ ಹೇಳದಿದ್ದರೆ ಮಕ್ಕಳು ತಿದ್ದಿಕೊಳ್ಳುವುದಿಲ್ಲ.

ಫಿಸಿಯೊ, ಮಡಿಕೇರಿ:

ಸರ್, ಅಭ್ಯಾಸದಲ್ಲಿ ಗಟ್ಟಿಯಾಗಿರಿ, ಯಾರೂ ಬೇಡ ಅನ್ನುವುದಿಲ್ಲ. ಮೈ ಬಗ್ಗೆ ಮಾತು ಬೇಡ. ತಕ್ಕಡಿಗೆ ಸ್ನಾಯು ಯಾವುದು, ಕೊಬ್ಬು ಯಾವುದು, ಮುಟ್ಟಿನ ಮುಂಚಿನ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಮುಟ್ಟಿಗೆ ಮುಂಚೆ ಒಂದು ಕೆ.ಜಿ. ಏರುವುದು ಸಹಜ. ಅದೇ ದಿನ ಎಲ್ಲರೆದುರು ಬೈಸಿಕೊಂಡ ಹುಡುಗಿ ಮುಂದಿನ ವಾರ ತೂಕದ ಹಿಂದಿನ ದಿನ ನೀರು ಕುಡಿಯುವುದು ಬಿಡುತ್ತಾಳೆ, ಕೆಲವರು ಬೆರಳು ಹಾಕಿ ವಾಂತಿ ಮಾಡುತ್ತಾರೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ಆಟಕ್ಕೆ ಬೇಕಾದದ್ದನ್ನೇ ಅಳೆಯಿರಿ. ನಾಲ್ಕು ವಾರಕ್ಕೊಮ್ಮೆ 30 ಮೀಟರ್ ಓಟ, ಮೂರು ಸಲ ಓಡಿಸಿ ಒಳ್ಳೆಯ ಸಮಯ ಬರೆದುಕೊಳ್ಳಿ. ಇನ್ನೊಂದು ಯೋ-ಯೋ: 20 ಮೀಟರ್ ಹೋಗಿ ಬಂದು 10 ಸೆಕೆಂಡ್ ಬಿಡುವು, ವೇಗ ಏರುತ್ತಾ ಹೋಗುತ್ತದೆ. ತೂಕ ಹಾಗೇ ಇದ್ದು ಯೋ-ಯೋ ಹಂತ ಏರಿದರೆ ಗೆದ್ದಿರಿ. ತೂಕ ಇಳಿದು ಓಟವೂ ಇಳಿದರೆ ಅವಳು ಉಪವಾಸ ಇದ್ದಾಳೆ ಅಂತಲೇ ತಿಳಿಯಿರಿ. ನಿಜವಾಗಿ ತೂಕ ಹೆಚ್ಚಾಗಿದೆ ಅನ್ನಿಸಿದರೆ, 18ರೊಳಗಿನವರಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23, 25 ಹಚ್ಚಬೇಡಿ. ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆಯ ನಕ್ಷೆಯಲ್ಲಿ ವಯಸ್ಸಿಗೆ ತಕ್ಕಂತೆ ವೈದ್ಯರು ನೋಡಲಿ.

ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಬೆರಳ ತುದಿಯಷ್ಟು ಒಂದೇ ಜಾಗ ಒತ್ತಿದರೆ ನೋವು, ಅದೇ ಕಾಲಲ್ಲಿ ಕುಪ್ಪಳಿಸಿದರೆ ನೋವು ಅಂದರೆ ಓಟ ಅವತ್ತೇ ನಿಲ್ಲಿಸಿ. ಕೂದಲೆಳೆಯ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣದೆ ಇರಬಹುದು. "ಎಕ್ಸ್-ರೇ ಸರಿ ಇದೆ, ಆಡಿಸಿ" ಅನ್ನುವುದರಿಂದಲೇ ಹೆಚ್ಚು ಹಾಳಾಗುವುದು.

ವೀಗನ್, ಸೋಮವಾರಪೇಟೆ:

ಆ ಹುಡುಗಿಗೆ ಹಾಕಿ ಖಂಡಿತ ಸಾಧ್ಯ, ಆದರೆ "ಹಾಲು ಬಿಟ್ಟೆ, ಮಾಂಸ ಬಿಟ್ಟೆ" ಅಂತ ಬಿಡುತ್ತಾ ಹೋದರೆ ಅದು ವೀಗನ್ ಊಟವಲ್ಲ, ಅರ್ಧ ತಟ್ಟೆ. ಬಿಟ್ಟ ಜಾಗಕ್ಕೆ ಇನ್ನೊಂದು ಬರಬೇಕು.

ಬಿ12 ಮಾತ್ರೆ ಕಡ್ಡಾಯ. ಇಡ್ಲಿ ಹಿಟ್ಟು ಹುಳಿ ಬಂದರೂ, ಸ್ಪಿರುಲಿನಾ ಪಾಚಿಪುಡಿ ತಿಂದರೂ, ಅಣಬೆ ತಿಂದರೂ ಸಾಲದು. ದಿನಕ್ಕೆ 50ರಿಂದ 100 ಮೈಕ್ರೊಗ್ರಾಂ ಸಯನೊಕೊಬಾಲಮಿನ್ (ಮಾತ್ರೆಯಲ್ಲಿನ ಬಿ12), ಇಲ್ಲವೇ ವಾರಕ್ಕೆ 2,000 ಮೈಕ್ರೊಗ್ರಾಂ. ಲಿವರಿನಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಪಾದ ಜುಮ್ಮೆನ್ನುವ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತದೆ.

ಉಪ್ಪು ಅಯೋಡಿನ್ ಇರುವುದೇ ಇರಲಿ. ಮಳೆ ಕೊಚ್ಚುವ ಗುಡ್ಡದ ನೆಲದಲ್ಲಿ ಅಯೋಡಿನ್ ಕಡಿಮೆ, ಹಾಲು ಮೀನೂ ಇಲ್ಲದವರು ಸೈಂಧವ ಲವಣಕ್ಕೆ ಹೋಗಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ನಮ್ಮ ಕಡೆ ವಿಟಮಿನ್ ಡಿ ಪರೀಕ್ಷೆ ಮಾಡಿಸುವುದೂ ಒಳ್ಳೆಯದು.

ನಾಪೋಕ್ಲು ಗದ್ದೆಮನೆ:

ಮಾತ್ರೆ ನುಂಗಿ ಬದುಕಬೇಕಾದ ಊಟ ಬೆಳೆಯುವ ಮಕ್ಕಳಿಗೆ ಯಾಕೆ? ಕೈಲ್‌ಪೊಳ್ದಿಗೆ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಪಂದಿಕರಿ ಇಲ್ಲದೆ ಹಬ್ಬ ಆಗುತ್ತದಾ? ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ ಅವಳೊಬ್ಬಳು ಬೇರೆ ತಟ್ಟೆ ಹಿಡಿದರೆ ಅಜ್ಜಿಗೆ ನೋವಾಗುತ್ತದೆ.

ಆಹಾರತಜ್ಞೆ, ವಿರಾಜಪೇಟೆ:

ನಾಪೋಕ್ಲು ಅಣ್ಣ, ನಿಮ್ಮ ಆತಂಕಕ್ಕೆ ಆಧಾರ ಇದೆ. ಅಮೆರಿಕದ ಆಹಾರತಜ್ಞರ ಅಕಾಡೆಮಿ 2016ರಲ್ಲಿ, ಸರಿಯಾಗಿ ಯೋಜಿಸಿದ ವೀಗನ್ ಊಟ ಹದಿಹರೆಯದವರಿಗೂ ಆಟಗಾರರಿಗೂ ಸಾಕು ಎಂದಿತ್ತು. 2025ರ ಹೇಳಿಕೆಯಲ್ಲಿ ದೊಡ್ಡವರ ಬಗ್ಗೆ ಮಾತ್ರ ಮಾತಾಡಿದೆ. ಅಂದರೆ 17ರ ಹುಡುಗಿಗೆ ಇದು ನಿಷಿದ್ಧವಲ್ಲ, ಆದರೆ ಯಾರಾದರೂ ಅಳೆದು ನೋಡುತ್ತಿರಬೇಕು. ಮಾತ್ರೆ ಮಾಂಸ ತಿನ್ನುವ ಮಕ್ಕಳಿಗೂ ಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಅದನ್ನು ಊಟವಾದ ಮೇಲೆ ನಿಂಬೆ ಪಾನಕದ ಜೊತೆ ನುಂಗಿಸಿ. ಕಾಫಿ, ಟೀ, ರಾಗಿ ಗಂಜಿ ಆಗ ಬೇಡ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇರಲಿ. ನಮ್ಮ ಜಿಲ್ಲೆಯಲ್ಲಿ ಇದು ಕಷ್ಟದ ಮಾತು, ಆದರೂ ರಕ್ತಹೀನತೆ ಇರುವ ಮಕ್ಕಳಲ್ಲಿ ಈ ಒಂದು ಗಂಟೆಗೆ ಬೆಲೆ ಇದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳದ ಮಾತ್ರೆಯನ್ನೂ ಮರೆಯಬೇಡಿ.

ಹಾಸ್ಟೆಲ್ ಅಡುಗೆ, ಕುಶಾಲನಗರ:

ಟೀಚರ್, ಬೇರೆ ಅಡುಗೆ ಮಾಡುವ ಕೆಲಸ ಕಡಿಮೆ, ನಮ್ಮ ಕಡೆಯ ಅರ್ಧ ಅಡುಗೆ ಹಾಗೇ ನಡೆಯುತ್ತದೆ. ಕಡಂಬುಟ್ಟು, ನೂಪುಟ್ಟು (ಅಕ್ಕಿಶಾವಿಗೆ), ಅಕ್ಕಿರೊಟ್ಟಿ, ಎಳ್ಳು ಪಜ್ಜಿ (ಚಟ್ನಿ), ಬೈಂಬಳೆ (ಎಳೆಬಿದಿರು) ಕರಿ, ಕುಮ್ಮು (ಅಣಬೆ) ಕರಿ. ತುಪ್ಪ ಸವರುವ ಮುಂಚೆ ಅವಳ ಪಾಲು ತೆಗೆದಿಡಿ. ಪಾಪುಟ್ಟಿಗೆ (ಹಬೆಯಲ್ಲಿ ಬೇಯಿಸುವ ಅಕ್ಕಿತರಿಯ ತಿಂಡಿ) ಹಾಲಿನ ಬದಲು ತೆಳು ತೆಂಗಿನಹಾಲು: ಒಂದು ಲೋಟ ಅಕ್ಕಿತರಿಗೆ ಒಂದು ಲೋಟ ನೀರು, ಒಂದು ಲೋಟ ತೆಂಗಿನಹಾಲು, ಅರ್ಧ ಲೋಟ ಕಾಯಿತುರಿ, ಉಪ್ಪು. ಕಾಲು ಗಂಟೆ ನೆನೆಸಿ 20 ನಿಮಿಷ ಹಬೆ. ನೆನೆಸದಿದ್ದರೆ ಮಧ್ಯದಲ್ಲಿ ತರಿ ಕಚ್ಚಿಕೊಳ್ಳುತ್ತದೆ.

50 ಕೆ.ಜಿ. ಹುಡುಗಿಯ ಒಂದು ದಿನದ ಲೆಕ್ಕ, ಎಲ್ಲ ಬೇಯಿಸುವ ಮುಂಚಿನ ತೂಕದಲ್ಲಿ: ಬೆಳಿಗ್ಗೆ 120 ಗ್ರಾಂ ತರಿಯ ಕಡಂಬುಟ್ಟು, 40 ಗ್ರಾಂ ಕಡಲೆಕಾಳಿನ ಕರಿ, ಕಾಯಿತುರಿ. ಹನ್ನೊಂದಕ್ಕೆ ಒಂದು ಹಿಡಿ ನೆಲಗಡಲೆ (30 ಗ್ರಾಂ), ಎರಡು ಏಲಕ್ಕಿ ಬಾಳೆ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ಬೇಳೆಯ ಸಾರು, 25 ಗ್ರಾಂ ಸೋಯಾ ಚಂಕ್ಸ್, ನುಗ್ಗೆಸೊಪ್ಪಿನ ಪಲ್ಯ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ 40 ಗ್ರಾಂ ಮೊಳಕೆ ರಾಗಿಹಿಟ್ಟು, 200 ಮಿ.ಲೀ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ಬೆಲ್ಲ. ರಾತ್ರಿ 80 ಗ್ರಾಂ ಹಿಟ್ಟಿನ ಅಕ್ಕಿರೊಟ್ಟಿ, 40 ಗ್ರಾಂ ಹುರುಳಿಯ ಕರಿ, ಒಂದು ದೊಡ್ಡ ಚಮಚ ಎಳ್ಳಿನ ಪಜ್ಜಿ. ಅಡುಗೆ ಎಣ್ಣೆ ಸೇರಿ 2,400ರಿಂದ 2,500 ಕ್ಯಾಲೊರಿ, 75 ಗ್ರಾಂ ದಾಟಿ ಪ್ರೋಟೀನ್ ಬರುತ್ತದೆ. ಸೋಯಾ ಹಾಲಿನ ಪೊಟ್ಟಣ ಚೆನ್ನಾಗಿ ಕುಲುಕಿ, ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಕಾಳು ರಾತ್ರಿ ನೆನೆಸಿ, ಆ ನೀರು ಚೆಲ್ಲಿ. ಇಲ್ಲದಿದ್ದರೆ ಮೈದಾನದಲ್ಲಿ ಹೊಟ್ಟೆ ಉಬ್ಬರ.

ಒಂದು ಎಚ್ಚರಿಕೆ. ಬೈಂಬಳೆಯಲ್ಲಿ ಕ್ಯಾಲೊರಿ ಇಲ್ಲ ಅಂತ ಹುಡುಗಿಯರು ಹಸಿಯಾಗಿ ತಿನ್ನದಿರಲಿ. ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಕುದಿಸಿ, ಆ ನೀರನ್ನೂ ಚೆಲ್ಲಿ ಆಮೇಲೆ ಒಗ್ಗರಣೆ.

ಪಿ.ಟಿ. ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ತುಂಬಾ ಧನ್ಯವಾದ. ತೂಕದ ಯಂತ್ರ ಮೈದಾನದಿಂದ ತೆಗೆಸುತ್ತೇನೆ. ಒಂದು ವಿಷಯ ಕಾಡುತ್ತಿದೆ. ಆ ಹುಡುಗಿ ಕಾಯಿತುರಿ, ನೆಲಗಡಲೆ, ಎಳ್ಳು ಕೂಡ ಪಕ್ಕಕ್ಕೆ ತಳ್ಳುತ್ತಾಳೆ. ರೊಟ್ಟಿಗೆ ಎಣ್ಣೆ ಹಾಕಿದ್ದಾರಾ ಅಂತ ಕೇಳುತ್ತಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವಂತೆ.

ವೀಗನ್, ಸೋಮವಾರಪೇಟೆ:

ಟೀಚರ್, ಹಾಗಾದರೆ ಇದು ಪ್ರಾಣಿಗಳ ಮೇಲಿನ ಪ್ರೀತಿಯ ಮಾತು ಮಾತ್ರ ಅಲ್ಲ. ಪ್ರಾಣಿಗಾಗಿ ಹಾಲು ಬಿಟ್ಟವರಿಗೆ ತೆಂಗಿನಕಾಯಿ, ಕಡಲೆ ಚಿಕ್ಕಿ ಬೇಡವಾಗಲು ಕಾರಣವಿಲ್ಲ. ಇದನ್ನು ವೀಗನ್ ಆದವರೇ ಗಟ್ಟಿಯಾಗಿ ಹೇಳಬೇಕು. ನಮ್ಮ ಹೆಸರಿನ ಹಿಂದೆ ಒಬ್ಬಳು ಹಸಿವು ಬಚ್ಚಿಟ್ಟುಕೊಳ್ಳುವುದು ಬೇಡ.

ಆಹಾರತಜ್ಞೆ, ವಿರಾಜಪೇಟೆ:

ಟೀಚರ್, ತಡ ಮಾಡಬೇಡಿ. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಲೇಬೇಕು. ವೈದ್ಯರು ಹೇಳುವವರೆಗೆ ಓಟ, ಪಂದ್ಯ ಇಲ್ಲ. ಆದರೆ ತಂಡದ ಜೊತೆಗೇ ಕೂರಲಿ, ಸ್ಕೋರ್ ಬರೆಯಲಿ, ಹೊರಗೆ ಹಾಕಿದಂತೆ ಆಗಬಾರದು. ಹಗಲಲ್ಲಿ ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ಎದ್ದಾಗ ಕಣ್ಣು ಕತ್ತಲಾದರೆ, ವಾಂತಿ ಮಾಡಿಕೊಳ್ಳುತ್ತಿದ್ದರೆ ಅವತ್ತೇ ಆಸ್ಪತ್ರೆ. ಹೆದರಿ ಒಮ್ಮೆಗೇ 2,500 ಕ್ಯಾಲೊರಿ ಉಣ್ಣಿಸಬೇಡಿ. ಬಹಳ ದಿನ ತೀರಾ ಕಡಿಮೆ ತಿಂದವರಿಗೆ ಏಕಾಏಕಿ ತಿನ್ನಿಸಿದರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯ. ಎಷ್ಟರಿಂದ ಶುರು ಅನ್ನುವುದನ್ನು ವೈದ್ಯರೇ ಹೇಳಲಿ.

ಮಾತಾಡುವಾಗ ನೀವೊಬ್ಬರೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ. "ದಪ್ಪ ಆಗಿಲ್ಲ ಕಣಮ್ಮಾ" ಅಂತಲೂ ಬೇಡ, ಮಾತು ಮತ್ತೆ ಮೈ ಮೇಲೇ ನಿಲ್ಲುತ್ತದೆ. "ನಿನಗೆ ಸುಸ್ತಾಗುತ್ತಿದೆ, ಮುಟ್ಟು ನಿಂತಿದೆ, ನನಗೆ ಚಿಂತೆಯಾಗಿದೆ, ಡಾಕ್ಟರ್ ಹತ್ತಿರ ನಾನೂ ಬರುತ್ತೇನೆ" ಅನ್ನಿ. ತಾಯಿಗೆ ಫೋನ್ ಮಾಡುವ ಮುಂಚೆ ಅವಳಿಗೆ ತಿಳಿಸಿ. ಪಂದಿಕರಿಯ ಜಗಳ ಈಗ ಬೇಡ ಅಂತ ಮನೆಯವರಿಗೆ ಹೇಳಿ, ಈಗಿನ ಸಮಸ್ಯೆ ಊಟದ ಪ್ರಮಾಣ. ಮನಸ್ಸಿನ ವಿಷಯಕ್ಕೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಅವಳೂ ನೀವೂ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ವೈದ್ಯರ ಬಳಿ ಹೋಗುವಾಗ ಕೊನೆಯ ಮುಟ್ಟಿನ ತಾರೀಖು, ಹಿಂದಿನ ಮೂರು ದಿನ ತಿಂದದ್ದರ ಪಟ್ಟಿ, ಅವಳು ನುಂಗುವ ಮಾತ್ರೆಗಳ ಪೊಟ್ಟಣ ತೆಗೆದುಕೊಂಡು ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್, ಪೊಟ್ಯಾಸಿಯಂ, ಇಸಿಜಿ ಬೇಕಾ ಅಂತ ಕೇಳಿ.