ಬೆದೆಗಾಲ ಮುಗಿದ ಮೇಲೆ ಜಿಂಕೆಯ ಸಹಜ ವಾಸನೆ ಬಳಸಬಹುದೇ?

ಪ್ರಶ್ನೆ: ಮಡಿಕೇರಿಯವನು, ಪೆನ್ಸಿಲ್ವೇನಿಯಾ

ಎಲ್ಲರಿಗೂ ನಮಸ್ಕಾರ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವ ಮನೆಯಲ್ಲಿ ನಾನು ಬೆಳೆದೆನಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎಷ್ಟೋ ವರ್ಷಗಳ ನಂತರ ಹುಟ್ಟಿದವನಾದ್ದರಿಂದ ಊರಿನಲ್ಲಿ ಬೇಟೆಯನ್ನು ಕಂಡವನಲ್ಲ. ಇಲ್ಲಿಗೆ ಬಂದು, ಬೇಟೆಗಾರರ ತರಬೇತಿ ಮುಗಿಸಿ, ಪರವಾನಗಿ ಪಡೆದ ಮೇಲೆಯೇ ಬಿಳಿಬಾಲದ ಜಿಂಕೆಯ ಬೇಟೆಯನ್ನು ಕಲಿಯತೊಡಗಿದೆ. ಇದು ನನ್ನ ಮೂರನೆಯ ಚಳಿಗಾಲ.

ಕಳೆದ ವರ್ಷ ಕ್ರಿಸ್‌ಮಸ್ ಮುಗಿದ ಕೂಡಲೇ ಆರಂಭವಾಗುವ ಚಕಮಕಿ ಕೋವಿಯ ಬೇಟೆಗೆಂದು, ಗಂಡು ಜಿಂಕೆಗಳನ್ನು ಸೆಳೆಯಲು ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರವಿರುವ ಒಂದು ಸಣ್ಣ ಬಾಟಲಿಯನ್ನು ಕೊಂಡಿದ್ದೆ. ಕಾಡಿನ ಅಂಚಿನಲ್ಲಿ, ನಾನು ಕುಳಿತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಅರ್ಧ ಬಾಟಲಿಯನ್ನು ಹಿಮದ ಮೇಲೆ ಸುರಿದೆ. ಸಂಜೆ ನಾಲ್ಕರ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಎರಡು ಮರಿಗಳೊಂದಿಗೆ ಬಂತು. ಆ ಹಳದಿ ಕಲೆಯ ಬಳಿ ಕತ್ತು ಚಾಚಿ ನಿಂತು, ಮೂಗನ್ನು ಒಮ್ಮೆ ನೆಕ್ಕಿಕೊಂಡು, ಮುಂಗಾಲನ್ನು ಎರಡು ಬಾರಿ ನೆಲಕ್ಕೆ ಬಡಿಯಿತು. ಮರುಕ್ಷಣವೇ ಬುಸ್ಸೆಂದು ಉಸಿರು ಹೊರಹಾಕಿ, ಬಾಲವನ್ನು ಬಾವುಟದಂತೆ ಎತ್ತಿ, ಮರಿಗಳನ್ನು ಕರೆದುಕೊಂಡು ಓಡಿತು. ಆ ವಾರವಿಡೀ ಅಲ್ಲಿ ಒಂದೇ ಒಂದು ಗಂಡೂ ಕಾಣಲಿಲ್ಲ. ತಪ್ಪಿದ್ದು ವಾಸನೆಯೋ, ಕಾಲವೋ, ಬಳಸಿದ ರೀತಿಯೋ? ಉಳಿದ ಅರ್ಧ ಬಾಟಲಿಯನ್ನು ಈ ಬಾರಿ ಬಳಸಬಹುದೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಬಿಲ್ಲುಗಾರ

ನಮಸ್ಕಾರ. ಈ ರಾಜ್ಯದಲ್ಲಿ ಹಲವು ವರ್ಷಗಳಿಂದ ಬಿಲ್ಲು ಮತ್ತು ಕೋವಿ ಎರಡರಿಂದಲೂ ಬೇಟೆಯಾಡುತ್ತಿರುವವನಾಗಿ ಹೇಳುತ್ತೇನೆ: ನಿಮ್ಮಿಂದ ಮೂರೂ ತಪ್ಪಿವೆ, ಆದರೆ ಮೊದಲು ತಪ್ಪಿದ್ದು ಕಾಲ.

ಇಲ್ಲಿನ ಜಿಂಕೆಗಳ ಬೆದೆಯನ್ನು ನಿರ್ಧರಿಸುವುದು ಹಗಲಿನ ಉದ್ದವೇ ಹೊರತು ಚಳಿಯಲ್ಲ; ಆದ್ದರಿಂದಲೇ ಅದು ಪ್ರತಿ ವರ್ಷವೂ ನವೆಂಬರ್ ನಡುಭಾಗದ ಆಸುಪಾಸಿನಲ್ಲೇ ಶಿಖರಕ್ಕೇರುತ್ತದೆ. ಹೆಣ್ಣು ಒಂದರಿಂದ ಎರಡು ದಿನ ಮಾತ್ರ ಬೆದೆಯಲ್ಲಿರುತ್ತದೆ. ಆಗ ಗಬ್ಬವಾಗದ ಹೆಣ್ಣು ಸುಮಾರು 28 ದಿನಗಳ ನಂತರ ಮತ್ತೊಮ್ಮೆ ಬೆದೆಗೆ ಬರುತ್ತದೆ. ಚೆನ್ನಾಗಿ ಮೇದು ಬೆಳೆದ ಆ ವರ್ಷದ ಹೆಣ್ಣು ಮರಿಗಳಲ್ಲಿ ಕೆಲವೂ ಡಿಸೆಂಬರ್ ಹೊತ್ತಿಗೆ ಬೆದೆಗೆ ಬರುವುದುಂಟು. ಇಲ್ಲಿಯವರು ಎರಡನೆಯ ಬೆದೆ ಎಂದು ಕರೆಯುವುದು ಇದನ್ನೇ. ಕ್ರಿಸ್‌ಮಸ್ ದಾಟಿದ ಮೇಲೆ ಅದೂ ಬಹುಮಟ್ಟಿಗೆ ಮುಗಿದಿರುತ್ತದೆ. ಅಂಥ ಹೊತ್ತಿನಲ್ಲಿ ಅರ್ಧ ಬಾಟಲಿ ಬೆದೆಯ ವಾಸನೆಯನ್ನು ಒಂದೇ ಕಡೆ ಸುರಿದರೆ, ಅನುಭವವುಳ್ಳ ಹೆಣ್ಣು ಜಿಂಕೆಗೆ ಅದು ಕರೆಯಾಗಿ ತೋರುವುದಿಲ್ಲ. ಇಲ್ಲೇನೋ ಸರಿಯಿಲ್ಲ ಎಂಬ ಎಚ್ಚರಿಕೆಯಾಗುತ್ತದೆ. ಜೊತೆಗೆ, ಒಂದು ವರ್ಷ ಹಳೆಯದಾದ ಮೂತ್ರ ಮೊದಲಿನಂತಿರುವುದಿಲ್ಲ. ಅದರಲ್ಲಿನ ಯೂರಿಯಾ ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಆಗಿಬಿಟ್ಟಿರುತ್ತದೆ.

ಗಂಡಿನ ಸ್ಥಿತಿಯನ್ನೂ ಯೋಚಿಸಿ. ಬೆದೆಗಾಲದಲ್ಲಿ ಮೇವು ಬಿಟ್ಟು ಹೆಣ್ಣುಗಳ ಹಿಂದೆ ಅಲೆದು, ಅದು ತನ್ನ ದೇಹತೂಕದ ಐದರಲ್ಲಿ ಒಂದು ಪಾಲಿನಷ್ಟನ್ನೂ ಕಳೆದುಕೊಂಡಿರಬಹುದು. ಜನವರಿಯ ಚಳಿಯಲ್ಲಿ ಬದುಕುಳಿಯಬೇಕಾದರೆ ಅದಕ್ಕೆ ಬೇಕಾದದ್ದು ಹೊಟ್ಟೆಗೆ ಮೇವು ಮತ್ತು ಗಾಳಿ ತಾಗದ ಮಲಗುವ ಜಾಗ. ಕಟಾವಾದ ಮುಸುಕಿನ ಜೋಳದ ಹೊಲ, ಓಕ್ ಮರಗಳ ಕೆಳಗೆ ಹಿಮದಡಿ ಉಳಿದಿರುವ ಕಾಯಿಗಳು, ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಬೀಳುವ ಇಳಿಜಾರು, ಹೆಮ್ಲಾಕ್ ಮರಗಳ ದಟ್ಟ ನೆರಳು: ಇವುಗಳ ನಡುವಿನ ಜಾಡನ್ನು ಹಿಡಿದವನಿಗೆ ಬಾಟಲಿಯ ಅಗತ್ಯ ಬಹಳ ಕಡಿಮೆ. ಬಳಸಲೇಬೇಕೆಂದಿದ್ದರೆ, ಬೆದೆಯದಲ್ಲದ ಸಾಧಾರಣ ಹೆಣ್ಣು ಜಿಂಕೆಯ ಮೂತ್ರದ ನಾಲ್ಕೈದು ಹನಿಗಳನ್ನು ಹತ್ತಿಯ ಬತ್ತಿಗೆ ಹಾಕಿ, ಜಾಡಿನ ಪಕ್ಕದ ಕೊಂಬೆಗೆ ತೂಗುಹಾಕಿದರೆ ಸಾಕು. ಇಲ್ಲಿ ಇನ್ನೊಂದು ಜಿಂಕೆ ನೆಮ್ಮದಿಯಾಗಿ ಓಡಾಡಿದೆ ಎಂಬಷ್ಟು ಮಾತ್ರ ಆ ವಾಸನೆ ಹೇಳಬೇಕು.

ಉತ್ತರ 2: ಪಶುವೈದ್ಯೆ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕೊನೆಯ ಸಲಹೆಯನ್ನು ಪಾಲಿಸುವ ಮುನ್ನ ದಯವಿಟ್ಟು ಇದನ್ನು ಓದಿ. ನೀವು ಬೇಟೆಯಾಡುವ ಜಾಗ ಯಾವುದೆಂದು ತಿಳಿಯದೆ ಇಲ್ಲಿ ಯಾರೂ ನಿಮಗೆ ಸಹಜ ಮೂತ್ರವನ್ನು ಬಳಸಿ ಎಂದು ಹೇಳಬಾರದು.

ಜಿಂಕೆ ಜಾತಿಯ ಪ್ರಾಣಿಗಳನ್ನು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ, ಮದ್ದೂ ಲಸಿಕೆಯೂ ಇಲ್ಲದ ಮಾರಕ ಮಿದುಳಿನ ರೋಗ ಕಾಡುತ್ತಿದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡುಬಂದ ಈ ರೋಗ, 2012ರಲ್ಲಿ ಪೆನ್ಸಿಲ್ವೇನಿಯಾದ ಆಡಮ್ಸ್ ಕೌಂಟಿಯ ಒಂದು ಸಾಕಿದ ಜಿಂಕೆಯಲ್ಲಿ ಪತ್ತೆಯಾಯಿತು. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಪ್ರಿಯಾನ್ ಎಂಬ ವಿಕೃತಗೊಂಡ ಪ್ರೋಟೀನು. ರೋಗ ತಗುಲಿದ ಜಿಂಕೆ ಹೊರಗೆ ಆರೋಗ್ಯವಾಗಿಯೇ ಕಾಣುತ್ತಿರುವಾಗಲೂ ಅದರ ಜೊಲ್ಲು, ಸಗಣಿ ಮತ್ತು ಮೂತ್ರದ ಮೂಲಕ ಪ್ರಿಯಾನ್ ಹೊರಬರಬಲ್ಲದು, ಮತ್ತು ಮಣ್ಣಿಗೆ ಸೇರಿದ ಮೇಲೆ ವರ್ಷಗಟ್ಟಲೆ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಚಳಿಗೆ ಹೆಪ್ಪುಗಟ್ಟಿದರೂ ಅದು ನಾಶವಾಗುವುದಿಲ್ಲ. ಅಂಗಡಿಯ ಬಾಟಲಿಯಲ್ಲಿರುವುದು ಸಾಕಿದ ಜಿಂಕೆಗಳ ಮೂತ್ರ. ಮೂತ್ರದಲ್ಲಿ ಪ್ರಿಯಾನ್ ಪ್ರಮಾಣ ಅತಿ ಕಡಿಮೆಯೆಂಬುದು ನಿಜವಾದರೂ, ಸೋಂಕಿಲ್ಲದ ಕಾಡಿನ ನೆಲಕ್ಕೆ ಅದನ್ನು ನಮ್ಮ ಕೈಯಾರೆ ಸುರಿಯುವ ಅಪಾಯಕ್ಕೆ ನಾನಂತೂ ಸಿದ್ಧಳಿಲ್ಲ.

ಕಾನೂನಿನ ವಿಷಯ ಇನ್ನೂ ಸ್ಪಷ್ಟ. ವರ್ಜೀನಿಯಾ ರಾಜ್ಯ 2015ರಿಂದಲೇ ಬೇಟೆಗೆ ಸಹಜ ಜಿಂಕೆ ಮೂತ್ರದ ಬಳಕೆಯನ್ನು ನಿಷೇಧಿಸಿದೆ. ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ವನ್ಯಜೀವಿ ಇಲಾಖೆಯಾದ ಗೇಮ್ ಕಮಿಷನ್ ಗುರುತಿಸಿರುವ ರೋಗ ನಿಯಂತ್ರಣ ವಲಯಗಳೊಳಗೆ ಇಂಥ ಮೂತ್ರವನ್ನು ಹೊರಾಂಗಣದಲ್ಲಿ ಬಳಸುವುದಷ್ಟೇ ಅಲ್ಲ, ಜೊತೆಗಿಟ್ಟುಕೊಳ್ಳುವುದೂ ಅಪರಾಧ. ಈ ವಲಯಗಳ ಗಡಿ ಬದಲಾಗುತ್ತಲೇ ಇರುತ್ತದೆ. ಕಳೆದ ವರ್ಷ ಹೊರಗಿದ್ದ ಜಾಗ ಈ ವರ್ಷ ಒಳಗಿರಬಹುದು. ಕಮಿಷನ್ನಿನ ಈ ವರ್ಷದ ನಕ್ಷೆಯನ್ನು ನೋಡಿಯೇ ಮುಂದುವರಿಯಿರಿ.

ಉತ್ತರ 3: ತೊರೆಯ ದಾರಿ

ಬಾಟಲಿಯಿಲ್ಲದೆಯೂ ಜಿಂಕೆಯ ಸಹಜ ವಾಸನೆಯನ್ನು ಬೇಟೆಗೆ ಬಳಸಿಕೊಳ್ಳಬಹುದು. ಆ ವಾಸನೆಯನ್ನು ಜಿಂಕೆಗಳೇ ಇಟ್ಟು ಹೋಗಿರುತ್ತವೆ. ನವೆಂಬರಿನಲ್ಲಿ ಗಂಡುಗಳು ಗೊರಸಿನಿಂದ ನೆಲ ಕೆರೆದ ಜಾಗಗಳನ್ನು ನೀವು ನೋಡಿರುತ್ತೀರಿ. ಕೆರೆದ ನೆಲದ ಮೇಲೆ, ನಮ್ಮ ಎದೆಮಟ್ಟದಲ್ಲಿ ಬಾಗಿದ ಒಂದು ಕೊಂಬೆ ಬಹುಮಟ್ಟಿಗೆ ಇದ್ದೇ ಇರುತ್ತದೆ. ಹಣೆಯ ಮತ್ತು ಕಣ್ಣಿನ ಬಳಿಯ ಗ್ರಂಥಿಗಳನ್ನು ಜಿಂಕೆಗಳು ಅದಕ್ಕೆ ಉಜ್ಜುತ್ತವೆ, ತುದಿಯನ್ನು ಬಾಯಲ್ಲಿ ಕಚ್ಚಿ ನೆಕ್ಕುತ್ತವೆ. ಬೆದೆ ಮುಗಿದ ಮೇಲೆ ನೆಲ ಕೆರೆಯುವುದು ನಿಂತರೂ ಕೊಂಬೆಯ ಮೂಸುವಿಕೆ ನಿಲ್ಲುವುದಿಲ್ಲ. ಗಂಡು, ಹೆಣ್ಣು, ಮರಿ ಎಲ್ಲವೂ ವರ್ಷವಿಡೀ ಅಲ್ಲಿ ನಿಂತು ಹೋಗುತ್ತವೆ. ತುದಿ ನಾರುನಾರಾಗಿ ಸಿಗಿದು, ಹೊಸದಾಗಿ ಮುರಿದಂತಿರುವ ಕೊಂಬೆ ಮೇವಿನ ಹೊಲಕ್ಕೆ ಹೋಗುವ ಜಾಡಿನಲ್ಲಿ ಕಂಡರೆ, ಅದನ್ನು ಮುಟ್ಟದೆ, ಗಾಳಿಯ ಕೆಳದಿಕ್ಕಿನಲ್ಲಿ ನಿಮ್ಮ ಜಾಗವನ್ನು ಆರಿಸಿಕೊಳ್ಳಿ.

ಗಾಳಿಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೆ ಹರಿಯುತ್ತದೆ, ಸಂಜೆ ತಣ್ಣಗಾದ ಗಾಳಿ ನೀರಿನಂತೆ ಕೆಳಕ್ಕಿಳಿಯುತ್ತದೆ. ನೀವು ನಾಲ್ಕು ಗಂಟೆಗೆ ಇಳಿಜಾರಿನ ಮೇಲ್ಭಾಗದಲ್ಲಿ ಕುಳಿತಿದ್ದರೆ, ಆ ಹೆಣ್ಣು ಜಿಂಕೆಯ ಮೂಗಿಗೆ ತಲುಪಿದ್ದು ಬಾಟಲಿಯ ವಾಸನೆಗಿಂತ ಹೆಚ್ಚಾಗಿ ನಿಮ್ಮ ಮೈಯ ವಾಸನೆಯೇ ಇರಬೇಕು.

ಮಡಿಕೇರಿಯವನು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಾನು ಇಳಿಜಾರಿನ ಮೇಲ್ಭಾಗದಲ್ಲೇ ಕುಳಿತಿದ್ದೆ; ಜೋಳದ ಹೊಲ ಕೆಳಗಿದೆ. ಡಾಕ್ಟರ್ ಮೇಡಂ ಹೇಳಿದಂತೆ ನಕ್ಷೆಯನ್ನು ನೋಡಿದಾಗ, ನಾನು ಅನುಮತಿ ಪಡೆದಿರುವ ಜಮೀನು ಈಗ ರೋಗ ನಿಯಂತ್ರಣ ವಲಯದ ಒಳಗೇ ಇದೆ ಎಂದು ತಿಳಿದು ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಉಳಿದ ಬಾಟಲಿಯನ್ನು ಏನು ಮಾಡಲಿ? ಚರಂಡಿಗೆ ಸುರಿಯಬಹುದೇ?

ಪಶುವೈದ್ಯೆ

ಚರಂಡಿಗಾಗಲಿ, ಮಣ್ಣಿಗಾಗಲಿ ಸುರಿಯಬೇಡಿ. ಮುಚ್ಚಳ ಬಿಗಿಮಾಡಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮನೆಯ ಕಸದ ಜೊತೆ ಹಾಕಿ. ಈ ಬಾರಿ ಜಿಂಕೆ ದೊರೆತರೆ ಅದರ ತಲೆಯನ್ನು ಕಮಿಷನ್ ಇಟ್ಟಿರುವ ಸಂಗ್ರಹ ಪೆಟ್ಟಿಗೆಗೆ ಪರೀಕ್ಷೆಗಾಗಿ ಕೊಡಿ, ಮತ್ತು ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿ ಬೇರೆಯಾಗಿಯೇ ಇಟ್ಟಿರಿ.