ಡಂಬಳದ ತಾರಾದೇವಿ: ಗದಗ ಸೀಮೆಯ ಬೌದ್ಧರು ಏನಾದರು?

ಪ್ರಶ್ನೆ (ಗದಗ):
ಮೊನ್ನೆ ಡಂಬಳದ ದೊಡ್ಡಬಸಪ್ಪನ ಗುಡಿ ನೋಡಿಕೊಂಡು ಜಪದ ಬಾವಿಯ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಅಲ್ಲಿದ್ದ ಹಿರಿಯರೊಬ್ಬರು ಇದು ಮೊದಲು ಬೌದ್ಧರ ಊರಾಗಿತ್ತೆಂದು ಹೇಳಿದರು. ಈ ಮಾತಿಗೆ ಶಾಸನದ ಆಧಾರವಿದೆಯೇ? ಇದ್ದರೆ ಅವರೆಲ್ಲ ಏನಾದರು? ಈಗ ನಮ್ಮ ಭಾಗದಲ್ಲಿ ಬೌದ್ಧರಿದ್ದಾರೆಯೇ?

ಉತ್ತರ (ಧಾರವಾಡ):
ಆಧಾರ ಗಟ್ಟಿಯಾಗಿಯೇ ಇದೆ. ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1095ರ ಡಂಬಳ ಶಾಸನವು ಎರಡು ವಿಹಾರಗಳಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಒಂದು, ಧರ್ಮವೊಳಲಿನ, ಅಂದರೆ ಇಂದಿನ ಡಂಬಳದ, ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರ. ಇನ್ನೊಂದು, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಕಟ್ಟಿಸಿದ, ಬೌದ್ಧರ ದೇವತೆಯಾದ ಆರ್ಯತಾರಾದೇವಿಯ ವಿಹಾರ. ಲೊಕ್ಕಿಗುಂಡಿಯೆಂದರೆ ನಿಮ್ಮ ಲಕ್ಕುಂಡಿಯೇ. ಶಾಸನದ ಸ್ತುತಿಪದ್ಯದಲ್ಲಿ ತಾರೆಯು ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆಯ ಸಂಕೋಲೆ, ಕಡಲ ನೀರು, ಪಿಶಾಚಿ ಎಂಬ ಎಂಟು ಭಯಗಳನ್ನು ನೀಗುವವಳು. ಎತ್ತುಗಳ ಮೇಲೆ ಸರಕು ಹೇರಿಕೊಂಡು ಊರೂರು ಸುತ್ತುವ ವ್ಯಾಪಾರಿಗೆ ಈ ಪಟ್ಟಿಯಲ್ಲಿ ಬಿಟ್ಟುಹೋದ ಭಯ ಯಾವುದು ಹೇಳಿ! ಇಲ್ಲಿಯ ಬೌದ್ಧಧರ್ಮ ಸೆಟ್ಟಿಗಳ ಕೈಯಾಸರೆಯಲ್ಲಿ ನಿಂತಿತ್ತು, ಆ ಕೈ ಬೇರೆ ದೇವರ ಕಡೆಗೆ ಹೊರಳಿದಾಗ ವಿಹಾರಗಳೂ ಬರಿದಾದವು ಎಂಬುದು ನನ್ನ ಅಭಿಪ್ರಾಯ.

ಉತ್ತರ (ಹುಬ್ಬಳ್ಳಿ):
ಸರ್, ಡಂಬಳವೊಂದನ್ನೇ ಹಿಡಿದರೆ ಇದು ಒಂಟಿ ಪ್ರಕರಣದಂತೆ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1065ರ ಹೊತ್ತಿಗೆ ಚಾಲುಕ್ಯ ಮಂತ್ರಿ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದನು. ಆದ್ದರಿಂದ ಆಸರೆ ಸೆಟ್ಟಿಗಳದ್ದು ಮಾತ್ರ ಎನ್ನಲಾಗದು. ನಮ್ಮ ಪಕ್ಕದ ಕೋಳಿವಾಡದಲ್ಲಿಯೂ ಬರಹವಿರುವ ತಾರಾ ಮೂರ್ತಿ ದೊರೆತಿದೆ. ಆ ಊರಿನವರು ಕುಮಾರವ್ಯಾಸನ ಹೆಸರು ಹೇಳಿ ಹೆಮ್ಮೆಪಡುತ್ತಾರೆ, ತಾರೆಯ ಸುದ್ದಿ ಎತ್ತುವವರು ಕಡಿಮೆ.

ಉತ್ತರ (ಹಾವೇರಿ):
ಈಗಿನ ಸ್ಥಿತಿಯ ಬಗ್ಗೆ ಯಾರೂ ಹೇಳಲಿಲ್ಲ. ಚಳಿಗಾಲದಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ನರನ್ನು ನೀವೆಲ್ಲ ನೋಡಿರುತ್ತೀರಿ. ಅವರ ಮುಂಡಗೋಡ ವಸಾಹತು 1966ರಲ್ಲಿ ಶುರುವಾದದ್ದು, ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಅಲ್ಲಿಯೇ ಇವೆ. ಆದರೆ ಅದು ಡಂಬಳದ ಪರಂಪರೆಯ ಮುಂದುವರಿಕೆಯಲ್ಲ. ಇನ್ನೊಂದು ಧಾರೆ 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರು ತೋರಿದ ದಾರಿಯದು. ಜನಗಣತಿಯ ಪ್ರಕಾರ ಕರ್ನಾಟಕದ ಬೌದ್ಧರು 2001ರಲ್ಲಿ 3,93,300 ಇದ್ದವರು 2011ರಲ್ಲಿ 95,710ಕ್ಕೆ ಇಳಿದರು. ಈ ಅಂಕಿಯನ್ನು ನಾನು ಪೂರ್ತಿ ನೆಚ್ಚುವುದಿಲ್ಲ. ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಮೀಸಲಾತಿ ಉಂಟೆಂದು 1990ರಲ್ಲಿಯೇ ಕಾನೂನಾಗಿದ್ದರೂ, ಮಗಳ ಜಾತಿ ಪ್ರಮಾಣಪತ್ರಕ್ಕೆ ಎಲ್ಲಿ ತೊಡಕಾದೀತೋ ಎಂದು ಅಂಜಿ ಧರ್ಮದ ಕಾಲಮ್ಮಿನಲ್ಲಿ ಹಿಂದೂ ಎಂದೇ ಬರೆಸಿದವರು ನಮ್ಮ ಓಣಿಯಲ್ಲಿದ್ದಾರೆ. ಅವರ ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಬಾಬಾಸಾಹೇಬರದ್ದು.